ಮೂರು ತಿಂಗಳ ಪೋಲು

ನಾನು ಜಗಳಗಂಟಿ ಎನ್ನುವುದು ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಅನ್ನುತ್ತಾರೆ. ಒಮ್ಮೊಮ್ಮೆ ಮರೆತು ಮುಖದ ಮುಂದೆಯೂ ಅಂದುಬಿಡುತ್ತಾರೆ. ಬೇಜಾರಿಲ್ಲ. ಹನ್ನೊಂದು ಹೆಂಗಸರನ್ನೂ ನಾಲ್ಕು ಒಗೆಯುವ ಯಂತ್ರಗಳನ್ನೂ ಹದ್ದುಬಸ್ತಿನಲ್ಲಿ ಇಡಬೇಕಾದವಳು ಬೆಲ್ಲದ ಹಾಗೆ ಕೂತರೆ ಇರುವೆ ಮುತ್ತಿಕೊಳ್ಳುತ್ತವೆ. ಆದರೆ ಈಗ ಹೇಳಹೊರಟಿರುವ ವಿಷಯದಲ್ಲಿ ನಾನು ಜಗಳವಾಡಬೇಕಾದ ಹೊತ್ತಿನಲ್ಲಿ ಆಡಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆ. ಬೆಳಗ್ಗೆ ಏಳಕ್ಕೆ ವ್ಯಾನು ಬಂದು ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲುಗಳನ್ನು ಗಂಟುಗಂಟಾಗಿ ಸುರಿದು ಹೋಗುತ್ತದೆ. ಆ ಗಂಟುಗಳಲ್ಲಿ ಏನೇನಿರುತ್ತದೆ ಎಂದು ಹೇಳಿದರೆ ನೀವು ಇನ್ನೊಮ್ಮೆ ಹೋಟೆಲಿನಲ್ಲಿ ಮಲಗುವುದಿಲ್ಲ. ಕಲೆ ನೋಡಿ ಬೇರೆ ಮಾಡಬೇಕು, ಯಂತ್ರಕ್ಕೆ ತುಂಬಬೇಕು, ಸೋಪಿನ ನೀರಲ್ಲಿ ತಿರುಗಿಸಿ ಮೂರು ಸಲ ಜಾಲಿಸಬೇಕು, ಆಮೇಲೆ ಒಣಗಿಸಿ, ಉರುಳೆ ಇಸ್ತ್ರಿಗೆ ಕೊಟ್ಟು ಮಡಿಸಬೇಕು. ಸಂಜೆ ಐದಕ್ಕೆ ಅದೇ ವ್ಯಾನು ಬಂದು ನಿಂತಾಗ ಅಂಚಿಗೆ ಅಂಚು ಕೂಡಿದ ಬಿಳಿ ಮಡಿಕೆಗಳು ಕಾಯುತ್ತಿರಬೇಕು.

ಮೂರನೆಯ ಸಲ ಜಾಲಿಸಿದ ನೀರನ್ನು ನೀವು ನೋಡಿರಲಿಕ್ಕಿಲ್ಲ. ಕೈ ಹಾಕಿದರೆ ರೇಖೆ ಎಣಿಸಬಹುದು, ಅಷ್ಟು ತಿಳಿ. ಅದನ್ನು ಚರಂಡಿಗೆ ಬಿಡುವುದಕ್ಕೆ ಮನುಷ್ಯರಾದವರಿಗೆ ಮನಸ್ಸು ಬರುವುದಿಲ್ಲ. ನನಗಿಂತ ಮೊದಲು ಈ ಕೆಲಸದಲ್ಲಿದ್ದ ಹಿರಿಯಕ್ಕ ಯಂತ್ರಗಳ ಹಿಂದೆ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿ, ಹಳೇ ಪೈಪು ಜೋಡಿಸಿ, ಒಂದು ಮರದ ಬಿರಡೆ ಇಟ್ಟಿದ್ದಳು. ಮೊದಲೆರಡು ನೀರು ಚರಂಡಿಗೆ. ಯಂತ್ರ ಮೂರನೆಯ ಗಂಟೆ ಹೊಡೆದಾಗ ಯಾರಾದರೊಬ್ಬರು ಹೋಗಿ ಬಿರಡೆಯನ್ನು ಚರಂಡಿಯ ಬಾಯಿಗೆ ಬದಲಾಯಿಸಿದರೆ ನೀರು ತೊಟ್ಟಿಗೆ. ಮುಂದಿನ ಗಂಟಿನ ಸೋಪಿಗೆ ಅದೇ ನೀರು. "ಕೊನೇ ನೀರೇ ಮೊದಲ ನೀರು ಕಣ್ರೇ" ಎನ್ನುತ್ತಿದ್ದಳು ಹಿರಿಯಕ್ಕ. ಅವಳು ತೀರಿಹೋಗಿ ಹನ್ನೆರಡು ವರ್ಷವಾಯಿತು. ಅಷ್ಟು ವರ್ಷವೂ ಗಂಟೆ ಹೊಡೆದಾಗ ಯಾರೋ ಒಬ್ಬರು ಬಿರಡೆಯ ಕಡೆ ಓಡುತ್ತಲೇ ಇದ್ದೆವು. ಯಾರೂ ಹೇಳಬೇಕಾಗಿರಲಿಲ್ಲ, ಯಾರೂ ಬರೆದಿಡುತ್ತಲೂ ಇರಲಿಲ್ಲ.

ಬರೆದಿಡದೇ ಇದ್ದದ್ದೇ ನಮ್ಮ ತಪ್ಪಾಯಿತು ನೋಡಿ.

ಹೋಟೆಲಿನವರಿಂದ ಒಂದು ಪತ್ರ ಬಂತು. ಇನ್ನು ಮುಂದೆ ಅವರ ಬಟ್ಟೆ ಒಗೆಯುವವರೆಲ್ಲ ಪರಿಸರವನ್ನು ಹೇಗೆ ಕಾಪಾಡುತ್ತಿದ್ದಾರೆ ಎಂದು ತೋರಿಸಬೇಕು. ಮೌಲ್ಯಮಾಪನ ಮಾಡುವವರು ಬಂದು ಅಂಕ ಕೊಡುತ್ತಾರೆ. ಅಂಕದ ಮೇಲೆ ಒಂದರಿಂದ ಐದು ಹಸಿರು ಎಲೆ ಸಿಗುತ್ತದೆ. ಮೂರು ಎಲೆಗಿಂತ ಕಡಿಮೆ ಬಂದ ಕಡೆಗೆ ಬಟ್ಟೆ ಕಳಿಸುವುದಿಲ್ಲ. ನಮ್ಮ ಕಂಪನಿಗೆ ಎರಡು ಘಟಕ. ಒಂದು ನಮ್ಮದು, ಹಳೆಯದು. ಇನ್ನೊಂದು ಹೊಳೆಯಾಚೆ, ಹೊಸದು. ನಮಗೆ ಮೂರು ಎಲೆ ಬರದಿದ್ದರೆ ಈ ಘಟಕಕ್ಕೆ ಬೀಗ, ಕೆಲಸವೆಲ್ಲ ಆಚೆಗೆ ಎಂದು ಮ್ಯಾನೇಜರು ಮೊದಲ ದಿನವೇ ಹೇಳಿದರು. ಆಚೆಗೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು, ಅಲ್ಲಿ ಜನವೂ ಭರ್ತಿ. ಅಂದರೆ ನಾವು ಹನ್ನೆರಡು ಜನ ಮನೆಗೆ.

ನನಗೇನೂ ಭಯವಾಗಲಿಲ್ಲ. ನೀರು ಉಳಿಸುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಎಂದುಕೊಂಡೆ. ಬಾಡಿಗೆ ಮನೆಯವರೂ ಸ್ವಂತ ಮನೆಯವರೂ ಸೇರಿ ಒಂದು ಕೊಡಕ್ಕಾಗಿ ಸಾಲು ನಿಲ್ಲುವ ಬೀದಿಯಿಂದ ಬಂದವರು ನಾವು.

ಅಂಕ ಕೊಡುವವಳು ಬಂದಳು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಕೈಯಲ್ಲಿ ಹಲಗೆಯಂಥ ಟ್ಯಾಬ್, ಮಾತು ಮೆತ್ತಗೆ. ನಮ್ಮವರು ಅವಳಿಗೆ ಆಗಲೇ ಟೀಚರಮ್ಮ ಎಂದು ಹೆಸರಿಟ್ಟರು. ನಾನು ಸಡಗರದಿಂದ ತೊಟ್ಟಿ ತೋರಿಸಿದೆ. ಅವಳು ಬಗ್ಗಿ ನೋಡಿದಳು, ನೀರಲ್ಲಿ ಬೆರಳು ಅದ್ದಿದಳು, ನಿಜವಾಗಿಯೂ ಖುಷಿಪಟ್ಟಳು.

"ಎಷ್ಟು ಚೆನ್ನಾಗಿದೆ ಅಮ್ಮ! ಇದನ್ನ ಯಾವಾಗ ಶುರು ಮಾಡಿದ್ರಿ?"

"ಇಪ್ಪತ್ತು ವರ್ಷದ ಮೇಲಾಯ್ತು ಮೇಡಂ."

ಅವಳ ಮುಖ ಸಣ್ಣಗಾಯಿತು. "ಅಯ್ಯೋ. ಕಳೆದ ಮೂರು ವರ್ಷದೊಳಗೆ ಶುರು ಮಾಡಿದ್ದಕ್ಕೆ ಮಾತ್ರ ಅಂಕ. ಅದಕ್ಕಿಂತ ಹಿಂದಿಂದು ಲೆಕ್ಕಕ್ಕೆ ಬರಲ್ಲ."

"ಬರಲ್ಲ ಅಂದ್ರೆ? ನೀರು ಉಳೀತಾ ಇರೋದು ಇವತ್ತು ತಾನೇ?"

"ಉಳೀತಿದೆ. ಆದ್ರೆ ಕಡಿಮೆ ಆಗ್ತಿಲ್ವಲ್ಲ. ನಮಗೆ ಬೇಕಿರೋದು ಎಷ್ಟು ಕಡಿಮೆ ಮಾಡಿದ್ರಿ ಅನ್ನೋದು. ಮೊದಲು ಎಷ್ಟು ಬಳಸ್ತಿದ್ರಿ, ಈಗ ಎಷ್ಟು."

"ಮೊದಲೂ ಇಷ್ಟೇ. ಈಗಲೂ ಇಷ್ಟೇ."

"ಹಾಗಾದ್ರೆ ಸೊನ್ನೆ" ಎಂದಳು, ಪಾಪ, ತನ್ನದೇ ಮಗುವಿನ ಅಂಕ ಓದುವವಳ ಹಾಗೆ. ಅಳೆಯೋಣವೆಂದರೆ ನಮ್ಮಲ್ಲಿ ನೀರಿನ ಮೀಟರೂ ಇರಲಿಲ್ಲ. ಮೊದಲು ಮೀಟರು ಹಾಕಿಸಿ, ಮೂರು ತಿಂಗಳು ದಿನದಿನದ ನೀರು ಬರೆದಿಡಿ. ಅದು ನಿಮ್ಮ ಬೇಸ್‌ಲೈನು. ಅಲ್ಲಿಂದ ಎಷ್ಟು ಇಳಿಸುತ್ತೀರೋ ಅದಕ್ಕೆ ಅಂಕ ಎಂದು ಹೇಳಿ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಸುದ್ದಿ ಕೊಟ್ಟಳು. ಹೊಳೆಯಾಚೆಯ ಘಟಕಕ್ಕೆ ಆಗಲೇ ನಾಲ್ಕು ಎಲೆ ಬಂದಿದೆಯಂತೆ. ನೀರು ನೂರಕ್ಕೆ ಮೂವತ್ತೆಂಟು ಪಾಲು ಇಳಿಸಿದ್ದಾರಂತೆ.

ಅದು ಹೇಗಪ್ಪಾ ಎಂದು ವ್ಯಾನಿನ ಡ್ರೈವರನ್ನು ಕೇಳಿದೆ. ಅವನು ನಕ್ಕ. "ಅಲ್ಲಿ ನೆಲದೊಳಗಿನ ಪೈಪು ಒಡೆದು ಎರಡು ವರ್ಷದಿಂದ ಸೋರ್ತಿತ್ತು ಅಕ್ಕ. ಪ್ಲಂಬರ್ ಬಂದು ರಿಪೇರಿ ಮಾಡಿದ. ಅಷ್ಟೇ."

ಪೈಪು ಒಡೆದುಕೊಂಡವನಿಗೆ ನಾಲ್ಕು ಎಲೆ, ತೊಟ್ಟಿ ಕಟ್ಟಿದವಳಿಗೆ ಸೊನ್ನೆ. ನನ್ನ ಮೈ ಉರಿದುಹೋಯಿತು.

ಮ್ಯಾನೇಜರು ನನಗಿಂತ ಚೂಟಿ. ಮರುದಿನ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಮನುಷ್ಯ ಕೆಟ್ಟವರಲ್ಲ, ಹೆದರುಪುಕ್ಕಲು. ಅವರ ಮೇಲಿನವರು ಅವರನ್ನು ಹೇಗೆ ಬೈಯುತ್ತಾರೆ ಎನ್ನುವುದನ್ನು ನಾವು ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದೇವೆ.

"ನೋಡಮ್ಮ, ದಪ್ಪಗಿರೋನು ಸಣ್ಣ ಆದ್ರೆ ಚಪ್ಪಾಳೆ. ಹುಟ್ಟಿದಾಗಿಂದ ಸಣ್ಣಗಿರೋನಿಗೆ ಯಾರು ಚಪ್ಪಾಳೆ ಹೊಡೀತಾರೆ ಹೇಳು? ನಾವು ಸ್ವಲ್ಪ ದಿನ ದಪ್ಪ ಆಗ್ಬೇಕು."

"ಅಂದ್ರೆ?"

"ಮೂರು ತಿಂಗಳು ತೊಟ್ಟಿ ಮುಚ್ಚಿಬಿಡೋಣ. ಎಲ್ಲ ನೀರೂ ಚರಂಡಿಗೆ. ಮೂರು ಸಲ ಜಾಲಿಸೋದನ್ನ ಐದು ಸಲ ಮಾಡಿ. ಮೀಟರು ಓಡ್ಲಿ. ಆಮೇಲೆ ತೊಟ್ಟಿ ತೆಗೆದ್ರೆ ಅರ್ಧಕ್ಕರ್ಧ ಇಳಿಯುತ್ತೆ."

"ಸಾರ್, ನಿಮಗೆ ತಲೆ ನೆಟ್ಟಗಿದೆಯಾ?" ಎಂದು ಕೇಳಿಯೇಬಿಟ್ಟೆ. "ನೀರು ಉಳಿಸ್ತೀವಿ ಅಂತ ತೋರಿಸೋಕೆ ನೀರು ಚೆಲ್ಬೇಕಾ?"

"ನಾನು ಮಾಡಿದ ನಿಯಮ ಅಲ್ಲಮ್ಮ ಅದು. ಅವರು ಮಾಡಿದ್ದು. ನಿನಗೆ ಬೇಡ ಅಂದ್ರೆ ಬೇಡ. ಹನ್ನೊಂದು ಜನಕ್ಕೆ ನೀನೇ ಹೋಗಿ ಹೇಳು."

ನೋಡಿ, ಅಡಕತ್ತರಿಯಲ್ಲಿ ಸಿಕ್ಕಿಸುವುದು ಹೀಗೆ. ಊಟದ ಬಿಡುವಿನಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಮಡಿಸುವ ಮೇಜಿನ ಕನ್ನಡಕದವಳು, ಗಂಡ ಸತ್ತು ಎರಡು ಹೆಣ್ಣುಮಕ್ಕಳನ್ನು ಒಬ್ಬಳೇ ಓದಿಸುತ್ತಿರುವವಳು, ಮೊದಲು ಬಾಯಿ ಬಿಟ್ಟಳು. "ಅಕ್ಕಾ, ಮೂರು ತಿಂಗಳು ತಾನೇ? ಕಣ್ಣು ಮುಚ್ಕೊಂಡು ಬಿಟ್ಬಿಡೋಣ. ದೊಡ್ಡವಳ ಪರೀಕ್ಷೆ ಇದೆ ಈ ವರ್ಷ." ಅವಳ ಮುಖ ನೋಡಿದೆ. ಆಯಿತು ಎಂದುಬಿಟ್ಟೆ.

ಚೆಲ್ಲುವುದು ಸುಲಭ ಎಂದುಕೊಂಡಿರೋ? ನಮಗೆ ಬರುತ್ತಲೇ ಇರಲಿಲ್ಲ. ತೊಟ್ಟಿಯ ಪೈಪಿಗೆ ಬಟ್ಟೆ ತುರುಕಿ ಮುಚ್ಚಿದ್ದರೂ ಮೂರನೆಯ ಗಂಟೆ ಹೊಡೆದೊಡನೆ ಒಬ್ಬಳಲ್ಲ ಒಬ್ಬಳು ಬಿರಡೆಯ ಕಡೆ ಓಡುವಳು. ಅರ್ಧ ದಾರಿಯಲ್ಲಿ ನೆನಪಾಗಿ ನಾಲಿಗೆ ಕಚ್ಚಿಕೊಂಡು ಹಿಂದೆ ಬರುವಳು. ಕೈತೊಳೆಯುವ ನಲ್ಲಿಯನ್ನು ದಿನವಿಡೀ ತೆರೆದಿಡಬೇಕೆಂದು ಮ್ಯಾನೇಜರ ಅಪ್ಪಣೆಯಾಗಿತ್ತು. ನಾನು ತೆರೆದು ಬಂದರೆ ಹಿಂದೆಯೇ ಯಾರೋ ಮುಚ್ಚಿರುತ್ತಿದ್ದರು. "ಯಾವಳೇ ಅದು ನಲ್ಲಿ ಮುಚ್ಚಿದ್ದು?" ಎಂದು ಕೂಗಿ ಕೂಗಿ ನನ್ನ ಗಂಟಲು ಬಿತ್ತು. ಹನ್ನೆರಡು ವರ್ಷ ನಲ್ಲಿ ತೆರೆದಿಟ್ಟವರನ್ನು ಬೈದವಳು ನಾನು, ಈಗ ಮುಚ್ಚಿದವರನ್ನು ಬೈಯುತ್ತಿದ್ದೆ. ಇಸ್ತ್ರಿ ಯಂತ್ರದವಳಂತೂ ಮುಖದ ಮೇಲೇ ಹೇಳಿದಳು: "ಅಕ್ಕಾ, ಈ ಕೆಲ್ಸಕ್ಕೆ ಶ್ರೀಮಂತರ ಮನೆ ಹೆಂಗಸರನ್ನ ಕರೆಸ್ಬೇಕಿತ್ತು. ನಮಗೆ ಅಭ್ಯಾಸ ಇಲ್ಲ."

ಅದೇ ವಾರ ಹೆಡ್ಡಾಫೀಸಿನಿಂದ ಭಿತ್ತಿಪತ್ರಗಳು ಬಂದವು. ಪ್ರತಿಯೊಂದಕ್ಕೂ ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ಕಿನ ಚೀಲ. "ಪ್ರತಿ ಹನಿಯೂ ಅಮೂಲ್ಯ" ಎಂದು ಬರೆದಿತ್ತು. ಸುರಿಯುತ್ತಿದ್ದ ನಲ್ಲಿಯ ನೆತ್ತಿಯ ಮೇಲೆ ಅದನ್ನು ಅಂಟಿಸಿದವಳೂ ನಾನೇ. ಬೇರೆ ಯಾವ ಗೋಡೆಯೂ ಒಣಗಿರಲಿಲ್ಲ.

ಬರಬರುತ್ತಾ ಅಭ್ಯಾಸವಾಯಿತು. ಅದೇ ನನಗೆ ಈಗಲೂ ನಾಚಿಕೆ ತರುವುದು. ಒಂದೂವರೆ ತಿಂಗಳಿಗೆಲ್ಲ ಯಾರೂ ಬಿರಡೆಯ ಕಡೆ ನೋಡುವುದನ್ನೇ ಬಿಟ್ಟರು. ನಾನೂ ಬೆಳಗ್ಗೆ ಬಂದವಳೇ ಮೀಟರು ನೋಡಿ, ನಿನ್ನೆಗಿಂತ ಹೆಚ್ಚಾಗಿದ್ದರೆ "ಭೇಷ್" ಎನ್ನತೊಡಗಿದೆ. ಮಾಡುವ ಕೆಲಸವನ್ನು ನೆಟ್ಟಗೆ ಮಾಡಬೇಕು ಎನ್ನುವ ಚಟ ನನ್ನದು. ಪೋಲು ಮಾಡುವುದನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿಸಿದೆ.

ಇನ್ನು ಮನೆಯ ವಿಷಯ. ಕಾರ್ಖಾನೆಯ ಹಿಂಗೋಡೆಗೆ ಹೊಂದಿದ ಓಣಿಯಲ್ಲೇ ನನ್ನ ಮನೆ. ಗಂಡ ಲಾರಿ ಡ್ರೈವರು. ಹದಿನೈದು ದಿನಕ್ಕೊಮ್ಮೆ ಬಂದು ಬಟ್ಟೆ ಬಿಸಾಕಿ ಹೋಗುತ್ತಾರೆ. ಮನೆಯಲ್ಲಿರುವುದು ನಾನು, ಅತ್ತೆ. ಓಣಿಯ ನಡುವೆ ಒಂದು ಬಾವಿ. ಪುರಸಭೆಯ ನಲ್ಲಿಯಲ್ಲಿ ವಾರಕ್ಕೊಮ್ಮೆ ಗಾಳಿ ಬರುತ್ತದೆ, ಅದರ ಜೊತೆ ಒಂದಿಷ್ಟು ನೀರು. ಹಾಗಾಗಿ ನಲವತ್ತು ಮನೆಗೂ ಬಾವಿಯೇ ಗತಿ. ಅತ್ತೆಗೆ ಎಪ್ಪತ್ತಾದರೂ ಸೇದುವುದನ್ನು ನನಗೆ ಬಿಟ್ಟುಕೊಡುವುದಿಲ್ಲ. ನಾನು ಸೇದಿದರೆ ಅರ್ಧ ಕೊಡ ದಾರಿಯಲ್ಲೇ ತುಳುಕಿಸುತ್ತೇನಂತೆ.

ಎರಡನೆಯ ತಿಂಗಳ ಕೊನೆಯಲ್ಲಿ ಒಂದು ದಿನ ಅತ್ತೆ ಜಗಲಿಯ ಮೇಲೆ ಕೂತು ಹಗ್ಗಕ್ಕೆ ಹಗ್ಗ ಗಂಟು ಹಾಕುತ್ತಿದ್ದರು.

"ಏನತ್ತೆ ಅದು?"

"ಕೊಡ ನೀರಿಗೆ ಮುಟ್ತಾ ಇಲ್ಲ ಕಣೇ. ಒಂದು ಮಾರು ಸೇರಿಸ್ತಿದೀನಿ. ಬಿಸಿಲು ಈ ಸಲ ಜಾಸ್ತಿ ಅಂತ ಕಾಣುತ್ತೆ."

ಬಿಸಿಲು ಎಂದೇ ನಾನೂ ಅಂದುಕೊಂಡೆ. ಅಂದುಕೊಳ್ಳಬೇಕು ಎಂದು ಮನಸ್ಸು ಹಟ ಹಿಡಿದಿತ್ತು. ಹತ್ತು ದಿನಕ್ಕೆ ಇನ್ನೊಂದು ಮಾರು. ಆಮೇಲೆ ಕೊಡದಲ್ಲಿ ಮಣ್ಣು ಬಂತು. ಅತ್ತೆ ಸೀರೆ ತುಂಡಿನಲ್ಲಿ ಸೋಸಿ, ತಿಳಿಯಾಗಲು ಇಟ್ಟು, ಮೇಲಿನದನ್ನು ಕುಡಿಯಲು ತೆಗೆದು ಕೆಳಗಿನದರಲ್ಲಿ ಪಾತ್ರೆ ಬೆಳಗುತ್ತಿದ್ದರು. ಗೋಡೆಯ ಈಚೆ ಅತ್ತೆ ಲೋಟದಲ್ಲಿ ಅಳೆದು ನೀರು ಹಾಕುತ್ತಿದ್ದಾಗ ಗೋಡೆಯಾಚೆ ಕಾರ್ಖಾನೆಯ ಬೋರ್‌ವೆಲ್ಲಿನ ಮೋಟರು ಗುಂಯ್ ಎನ್ನುತ್ತಿರುವುದು ನನ್ನ ಕಿವಿಗೇ ಬೀಳುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬಾವಿಗೂ ಬೋರಿಗೂ ನಡುವೆ ಐವತ್ತು ಹೆಜ್ಜೆಯೂ ಇಲ್ಲ. ಓಣಿಯವರ ನೀರನ್ನೇ ನಾವು ಎಳೆದು ಚರಂಡಿಗೆ ಹಾಕುತ್ತಿದ್ದೆವು.

ಕೊನೆಗೊಂದು ಬೆಳಗ್ಗೆ ನೇರ ಮ್ಯಾನೇಜರ ಕೋಣೆಗೆ ನುಗ್ಗಿದೆ. "ಸಾರ್, ನಿಲ್ಲಿಸ್ಬೇಕು. ಹಿಂದಿನ ಓಣಿ ಬಾವಿ ಬತ್ತಿಹೋಗ್ತಾ ಇದೆ."

ಅವರು ಕ್ಯಾಲೆಂಡರು ನೋಡಿದರು. "ಇನ್ನು ಹತ್ತೊಂಬತ್ತು ದಿನ ಅಷ್ಟೇ."

"ಹತ್ತೊಂಬತ್ತು ದಿನ ಅವರೇನು ಗಾಳಿ ಕುಡೀಬೇಕಾ?"

"ಈಗ ನಿಲ್ಲಿಸಿದ್ರೆ ಸರಾಸರಿ ಬಿದ್ದುಹೋಗುತ್ತೆ. ಎರಡೂವರೆ ತಿಂಗಳು ಚೆಲ್ಲಿದ್ದೂ ದಂಡ, ಎಲೇನೂ ಇಲ್ಲ." ದನಿ ಇಳಿಸಿದರು. "ನನ್ನ ಮಗಳ ಮದುವೆ ನಿಶ್ಚಯ ಆಗಿದೆಯಮ್ಮ. ಈ ಘಟಕ ಮುಚ್ಚಿದ್ರೆ ನಾನೂ ಮನೆಗೇ. ಮೋಟರಿನ ಕೀಲಿ ನಿನ್ನ ಸೊಂಟದಲ್ಲೇ ಇದೆ. ಆಫ್ ಮಾಡೋದಾದ್ರೆ ಮಾಡು. ನಾನು ತಡೆಯಲ್ಲ."

ಅದು ನಿಜ. ಕೀಲಿ ನನ್ನ ಸೊಂಟದಲ್ಲೇ ಇತ್ತು. ಮೋಟರಿನ ಮನೆಗೆ ಹೋದೆ. ಬೀಗ ತೆಗೆದೆ. ಸ್ವಿಚ್ಚಿನ ಮೇಲೆ ಕೈ ಇಟ್ಟೆ. ಕಿಟಕಿಯಿಂದ ಮಡಿಸುವ ಮೇಜು ಕಾಣುತ್ತಿತ್ತು. ಕನ್ನಡಕದವಳು ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಆಚೆಯವಳಿಗೆ ಏನೋ ಹೇಳಿ ನಗುತ್ತಿದ್ದಳು. ಮಗಳು ಪರೀಕ್ಷೆ ಚೆನ್ನಾಗಿ ಬರೆದಿದ್ದಳಂತೆ. ನಾನು ಕೈ ತೆಗೆದೆ, ಬೀಗ ಹಾಕಿದೆ, ಹೊರಗೆ ಬಂದೆ. ಹನ್ನೊಂದು ಮನೆ ಉಳಿಸುವುದಕ್ಕೆ ನಲವತ್ತು ಮನೆಯ ಬಾವಿ ಕಳೆದೆ. ಯಾರೂ ಬಲವಂತ ಮಾಡಲಿಲ್ಲ. ನಾನೇ ಮಾಡಿದ್ದು.

ಬೇಸ್‌ಲೈನು ಮುಗಿಯುವ ಮೊದಲೇ ಬಾವಿ ಮುಗಿಯಿತು. ಆರು ದಿನ ಮೊದಲೇ. ಇಣುಕಿದರೆ ತಳದಲ್ಲಿ ಒಡೆದ ಕೊಡ, ಒಂದು ಚಪ್ಪಲಿ, ಯಾವಾಗಲೋ ಬಿದ್ದ ಮಕ್ಕಳ ಚೆಂಡು ಎಲ್ಲ ಕೆಸರಿನಲ್ಲಿ ಕೂತಿದ್ದವು. ಓಣಿಯವರು ಬಿಸಿಲಿಗೆ ಶಾಪ ಹಾಕಿ, ಎರಡು ಬೀದಿ ದಾಟಿ ನೀರು ಹೊರತೊಡಗಿದರು. ನಾನು ಅತ್ತೆಯ ಬದಲು ಹೋಗುತ್ತೇನೆಂದು ಕೊಡ ಕಿತ್ತುಕೊಂಡೆ. "ಏನೇ ಇದು, ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ?" ಎಂದು ಅತ್ತೆ ಹುಬ್ಬೇರಿಸಿದರು. ಕೊಡ ಎತ್ತಿಕೊಂಡು ಹೊರಟುಬಿಟ್ಟೆ.

ಹತ್ತೊಂಬತ್ತನೆಯ ದಿನ ಪೈಪಿಗೆ ತುರುಕಿದ್ದ ಬಟ್ಟೆ ಎಳೆದೆವು. ಬಿರಡೆ ಹಾಕಿದೆವು. ಮೀಟರು ಒಂದೇ ವಾರದಲ್ಲಿ ನೂರಕ್ಕೆ ಐವತ್ತನಾಲ್ಕು ಪಾಲು ಇಳಿಯಿತು. ಅಂದರೆ ಮೊದಲು ಎಲ್ಲಿದ್ದೆವೋ ಅಲ್ಲಿಗೇ ಬಂದು ನಿಂತೆವು. ಹೆಡ್ಡಾಫೀಸಿನಿಂದ ಅಭಿನಂದನೆಯ ಪತ್ರ ಬಂತು. ಅದರಲ್ಲಿ ಹಿರಿಯಕ್ಕನ ತೊಟ್ಟಿಯ ಹೆಸರು "ಮರುಬಳಕೆಯ ನವೀನ ವ್ಯವಸ್ಥೆ" ಎಂದಿತ್ತು, ಅದನ್ನು ರೂಪಿಸಿದವರು ಮ್ಯಾನೇಜರು ಎಂದಿತ್ತು. ಮ್ಯಾನೇಜರು ಓದಿ ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಟೀಚರಮ್ಮ ಮತ್ತೆ ಬಂದಳು. ಟ್ಯಾಬಿಗೆ ಬೇಕಿದ್ದದ್ದು ಮೀಟರಿನ ಲೆಕ್ಕವೇ ಹೊರತು ತೊಟ್ಟಿಯ ವಯಸ್ಸಲ್ಲ. ನೀರಿಗೆ ಪೂರ್ತಿ ಅಂಕ. ಕುಣಿದಾಡುವ ಹಾಗೆ ಖುಷಿಪಟ್ಟಳು. ಎಲ್ಲ ಕೂಡಿಸಿ ನೋಡಿದರೆ ಎರಡೂವರೆ ಎಲೆ ಬಂತು. ನಮ್ಮವರ ಮುಖ ಬಾಡಿತು. ಅವಳು ಟ್ಯಾಬನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಒಂದು ಕಡೆ ಬೆರಳು ನಿಲ್ಲಿಸಿದಳು.

"ಸುತ್ತಮುತ್ತಲಿನ ಜನಕ್ಕೆ ಏನಾದ್ರೂ ಮಾಡಿದ್ದೀರಾ ಸಾರ್? ಈ ಭಾಗ ಪೂರ್ತಿ ಖಾಲಿ ಇದೆ."

ಮ್ಯಾನೇಜರು ಒಂದು ಕ್ಷಣ ಯೋಚಿಸಿದರು. ಯೋಚನೆ ಹೊಳೆದದ್ದು ಮುಖದಲ್ಲೇ ಕಂಡಿತು. "ಹಿಂದಿನ ಓಣಿಯಲ್ಲಿ ನೀರಿಗೆ ತುಂಬಾ ಕಷ್ಟ ಇದೆ ಮೇಡಂ. ನಾಳೆಯಿಂದ ಟ್ಯಾಂಕರ್ ಕಳಿಸ್ಬೇಕು ಅಂತ ಮೊದಲೇ ತೀರ್ಮಾನ ಆಗಿದೆ."

ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದು ಗಾದೆ ಕೇಳಿದ್ದೆ. ತೂಗಿದ್ದಕ್ಕೆ ಅಂಕ ಕೊಡುತ್ತಾರೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹತ್ತಕ್ಕೆ ಟ್ಯಾಂಕರು ಓಣಿಗೆ ಬಂತು. ಹೊಟ್ಟೆಗೆ ಹಸಿರು ಬ್ಯಾನರು ಕಟ್ಟಿದ್ದರು. ಫೋಟೋ ತೆಗೆಯುವವನು ಬಂದಿದ್ದ, ಟೀಚರಮ್ಮ ಬಂದಿದ್ದಳು. ಕಾರ್ಖಾನೆಯ ಪರವಾಗಿ ಕೊಡ ತುಂಬಿಸಿ ಕೊಡುವವಳು ಓಣಿಯವಳೇ ಆದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಮ್ಯಾನೇಜರು ನನ್ನನ್ನು ನಿಲ್ಲಿಸಿದರು. ಮೈಮೇಲೆ ಹೊಸ ಹಸಿರು ಕೋಟು, ಎದೆಯ ಮೇಲೆ ಎಲೆಯ ಚಿತ್ರ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ನಲವತ್ತು ಮನೆಯವರೂ ಸಾಲು ನಿಂತಿದ್ದರು. ಕೊಡ ತುಂಬಿ ಕೊಟ್ಟಾಗಲೆಲ್ಲ ಒಬ್ಬೊಬ್ಬರೂ ಒಂದೊಂದು ಒಳ್ಳೆಯ ಮಾತು. "ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ." "ನಮ್ಮವಳು ಒಬ್ಬಳು ಒಳಗಿದ್ದದ್ದಕ್ಕೆ ಆಯ್ತು ನೋಡು." ಮೂಲೆಮನೆ ಅಜ್ಜ ಕೈ ಮುಗಿದೇಬಿಟ್ಟ. ನಾನು ತಲೆ ಎತ್ತದೆ ನಲ್ಲಿ ತಿರುಗಿಸುತ್ತಿದ್ದೆ.

ಅತ್ತೆಯ ಸರದಿ ಬಂತು. ಎರಡು ಕೊಡ ತಂದಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತಾಡದ ಹೆಂಗಸು, ಅವತ್ತು ಇಡೀ ಸಾಲಿನ ಕಡೆ ತಿರುಗಿ ದನಿ ಎತ್ತಿ ಹೇಳಿದರು:

"ನೋಡಿದ್ರಾ? ನನ್ನ ಸೊಸೆ. ಕಂಪನಿಯವರ ಹತ್ರ ಜಗಳ ಆಡಿ ತರಿಸಿದ್ದಾಳೆ. ಬಾಯಿ ಜೋರು ಅಂತ ನಾನೂ ಬೈತಿದ್ದೆ. ಆ ಬಾಯಿಂದಲೇ ಇವತ್ತು ನಮ್ಮ ಒಲೆ ಮೇಲೆ ನೀರು ಏರ್ತಿದೆ."

ಫೋಟೋದವನು "ಅಜ್ಜಿ, ಹಾಗೇ ನಗ್ತಾ ಇರಿ" ಎಂದ.

ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅತ್ತೆ, ಜಗಳ ಆಡ್ಲಿಲ್ಲ ನಾನು" ಎಂದೆ. ದನಿ ತಾನಾಗಿ ಏರಿತು. "ಬಾವಿ ಬತ್ತಿದ್ದು ಬಿಸಿಲಿಗಲ್ಲ. ನಾವು ಬತ್ತಿಸಿದ್ದು. ಮೂರು ತಿಂಗಳು ಬೇಕೂ ಅಂತ ಮೋಟರು ಓಡ್ಸಿ ಒಳ್ಳೇ ನೀರನ್ನ ಚರಂಡಿಗೆ ಬಿಟ್ವಿ. ಅಂಕ ಬರ್ಲಿ ಅಂತ. ಕೀಲಿ ನನ್ನ ಹತ್ರಾನೇ ಇತ್ತು. ನೀವು ಹಗ್ಗಕ್ಕೆ ಗಂಟು ಹಾಕ್ತಿದ್ದಿದ್ದು ನೋಡಿನೂ ನಾನು ನಿಲ್ಲಿಸ್ಲಿಲ್ಲ."

ಕೈ ಮುಗಿದಿದ್ದ ಅಜ್ಜ ಕೈ ಕೆಳಗಿಳಿಸಿದ. ಮ್ಯಾನೇಜರ ಮುಖ ಬೆಡ್‌ಶೀಟಿಗಿಂತ ಬಿಳಿಚಿಕೊಂಡಿತು. ಹನ್ನೊಂದು ಜನರ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದುಕೊಂಡೆ. ಆದರೂ ಹೇಳಿಬಿಟ್ಟೆನಲ್ಲ ಎಂದು ಒಂದು ಕಡೆ ಹಗುರವೂ ಆಯಿತು. ಇನ್ನು ಎಲೆಯೂ ಇಲ್ಲ, ಎಂಥದೂ ಇಲ್ಲ, ಮುಗಿಯಿತು ಎಂದು ಟೀಚರಮ್ಮನ ಕಡೆ ತಿರುಗಿದೆ.

ಅವಳು ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು.

"ಬೇಸ್‌ಲೈನನ್ನ ಮೇಲಿನವರು ಒಪ್ಪಿ ಮೊಹರಾಗಿಹೋಗಿದೆ ಅಮ್ಮ. ಈಗ ಅದನ್ನ ತೆಗೆಯೋದು ನನ್ನ ಕೈಲಿಲ್ಲ. ಬಾವಿ ವಿಷಯ ಬರೆಯೋಕೆ ಇದರಲ್ಲಿ ಜಾಗಾನೂ ಇಲ್ಲ." ಟ್ಯಾಬಿನ ಮೇಲೆ ಬೆರಳು ಎಳೆದಳು, ಇನ್ನೂ ಎಳೆದಳು, ನಿಂತಳು. "ಇಲ್ಲೊಂದಿದೆ. ಸಂಸ್ಥೆಯಿಂದಾದ ಹಾನಿಯನ್ನ ಕೆಲಸಗಾರರು ನಿರ್ಭಯವಾಗಿ ಎಲ್ಲರ ಮುಂದೆ ಹೇಳೋ ವಾತಾವರಣ ಇದೆಯೇ?" ನನ್ನನ್ನು ನೋಡಿದಳು. "ಇದೆ. ಇದಕ್ಕೆ ಐದು ಅಂಕ. ಇದು ಯಾರಿಗೂ ಇದುವರೆಗೆ ಬಂದಿಲ್ಲ."

"ಒಟ್ಟು ಎಷ್ಟಾಯ್ತು ಮೇಡಂ?" ಎಂದು ಮ್ಯಾನೇಜರು ಉಸಿರು ಬಿಗಿಹಿಡಿದು ಕೇಳಿದರು.

"ಟ್ಯಾಂಕರಿಂದೂ ಸೇರಿ ನಾಲ್ಕು ಎಲೆ ಸಾರ್."

ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. ಫೋಟೋದವನು ಏನೂ ಅರ್ಥವಾಗದೆ ಇನ್ನೊಂದು ಫೋಟೋ ಹೊಡೆದ. ಘಟಕ ಉಳಿಯಿತು. ಕನ್ನಡಕದವಳ ಕೆಲಸ ಉಳಿಯಿತು, ನನ್ನದೂ ಉಳಿಯಿತು. ಬಾಯಿಬಿಟ್ಟು ತಪ್ಪು ಒಪ್ಪಿಕೊಂಡದ್ದಕ್ಕೂ ಒಂದು ಶಿಕ್ಷೆ ಸಿಗಲಿಲ್ಲ ನನಗೆ.

ಅತ್ತೆ ಕದಲದೆ ನಿಂತಿದ್ದರು. ಒಂದು ಕೊಡ ತುಂಬಿ ಅವರ ಕೈಯಲ್ಲಿತ್ತು. ನನ್ನ ಹಸಿರು ಕೋಟನ್ನು ನೋಡಿದರು, ಮುಖ ನೋಡಿದರು, ಕೊಡ ನೋಡಿದರು.

"ಇದನ್ನ ಎತ್ತಿ ನಿನ್ನ ಮುಖಕ್ಕೆ ಎರಚ್ಬೇಕು ಅನ್ಸುತ್ತೆ ಕಣೇ" ಎಂದರು ಮೆಲ್ಲಗೆ. "ಆದ್ರೆ ನೀರು ದಂಡ ಆಗುತ್ತೆ."

ಕೊಡವನ್ನು ಸೊಂಟಕ್ಕೇರಿಸಿಕೊಂಡು ಮನೆಯ ಕಡೆ ನಡೆದರು. ನಾನು ಎರಡನೆಯ ಕೊಡ ತುಂಬಿಸಿಕೊಂಡು ಅವರ ಹಿಂದೆ ಹೊರಟೆ. ಸಾಲಿನಲ್ಲಿದ್ದವರು ನನಗೆ ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಮನೆ ತಲುಪುವವರೆಗೂ ಅತ್ತೆ ತಿರುಗಿ ನೋಡಲಿಲ್ಲ.